ಎಡಗೆನ್ನೆಯ ಮಚ್ಚೆ

ದಿಲ್ಲಿ ದರ್ಬಾರಿನ ಮರುವರ್ಷದ ಶ್ರಾವಣ. ಮೂರು ದಿನದ ಜಿಟಿಜಿಟಿ ಮಳೆ ನಿಂತು, ಮಧ್ಯಾಹ್ನ ಮೂರರ ಹೊತ್ತಿಗೆ ಪುಣೆಯ ರವಿವಾರ ಪೇಟೆಯಲ್ಲಿ ಬಿಸಿಲು ಬಿದ್ದಿತ್ತು. ಸಿದ್ದಲಿಂಗಪ್ಪನ ಚಿತ್ರಪಟದ ಅಂಗಡಿಗೆ ಕಲ್ಲಚ್ಚಿನ ಪ್ರೆಸ್ಸಿನಿಂದ ಫಕೀರಪ್ಪ ಬಂದ. ಕಂಕುಳಲ್ಲಿ ಹೊಸ ಸರಸ್ವತಿಯ ಪಟಗಳು. ಕಲ್ಲಿನ ಮೇಲೆ ಅವನೇ ಬರೆದವು.

ಮುದುಕ ಸಿದ್ದಲಿಂಗಪ್ಪ ಒಂದನ್ನು ಬೆಳಕಿಗೆ ಹಿಡಿದು ಭೂತಕನ್ನಡಿ ಇಟ್ಟ. ಬಣ್ಣ ಕೂದಲೆಳೆಯಷ್ಟು ಜರುಗಿದ್ದರೂ ಅವನ ಕಣ್ಣು ಬಿಡುತ್ತಿರಲಿಲ್ಲ. ಮಗಳು ಚನ್ನಬಸವ್ವ ಪಕ್ಕದಲ್ಲಿ ಕೂತು ಹಳೆಯ ಲಕ್ಷ್ಮಿಯ ಸೀರೆಗೆ ಚಮಕಿ ಅಂಟಿಸುತ್ತಿದ್ದಳು.

"ಬಣ್ಣ ಛಲೋ ಕೂತಾವ. ಆದರ ಸರಸ್ವತಿಗೆ ಮಚ್ಚಿ ಯಾಕ ಬಂತು, ತಮ್ಮಾ?"

"ಕಲ್ಲಿನ ಮ್ಯಾಲ ಮಸಿ ಬಿದ್ದಿರಬೇಕ್ರಿ."

"ಮಸಿ ಇಷ್ಟು ದುಂಡಗ ಬೀಳತದೇನು? ಎಲ್ಲಾ ವಾಪಸ್ ಒಯ್ಯಿ."

ಪಟ ವಾಪಸ್ ಹೋದರೆ ಫಕೀರಪ್ಪನ ಕೆಲಸ ಹೋಗುತ್ತದೆ, ಅವನು ಮತ್ತೆ ಈ ಮೆಟ್ಟಿಲು ಹತ್ತುವುದಿಲ್ಲ. ಚನ್ನಬಸವ್ವ ಚಮಕಿ ಕೆಳಗಿಟ್ಟಳು. ಪಟ ಎಳೆದುಕೊಂಡು ನೋಡಿದಳು. ಆ ಹುಬ್ಬು, ಆ ಗದ್ದ. ದಿನಾ ತಲೆ ಬಾಚುವಾಗ ಕನ್ನಡಿಯಲ್ಲಿ ಕಾಣುವುದು ಇದೇ ಮುಖ. ಅವಳ ಮಚ್ಚೆ ಇದ್ದದ್ದು ಬಲಗೆನ್ನೆಗೆ, ಪಟದಲ್ಲಿ ಎಡಗೆನ್ನೆಗೆ ಬಂದಿತ್ತು. ಅದಕ್ಕೇ ಅಪ್ಪನಿಗೆ ಗುರುತು ಹತ್ತಿರಲಿಲ್ಲ.

ಅಪ್ಪ ನೀರು ಕುಡಿಯಲು ಒಳಗೆ ಹೋದ.

"ಅಚ್ಚಿನಾಗ ಸರಿ ಬರಬೇಕಂದ್ರ ಕಲ್ಲಿನ ಮ್ಯಾಲ ಎಲ್ಲಾ ಉಲ್ಟಾ ಬರೀಬೇಕಲ್ರಿ?" ಮೆಲ್ಲಗೆ ಕೇಳಿದಳು. "ವೀಣಾ ಸರಿ ಬಂದದ. ಮಾರಿ ಹ್ಯಾಂಗ ತಪ್ಪಿತು?"

ಫಕೀರಪ್ಪನ ಕಿವಿ ಕೆಂಪಾದವು. "ಮಾರಿ ಬರಿಯೋವಾಗ ನೀವು ಎದುರಿಗೇ ಕೂತಂಗಿತ್ರಿ. ಕಂಡಂಗ ಬರದೆ. ಉಲ್ಟಾ ಮಾಡೋದು ನೆನಪಾಗಲಿಲ್ಲ."

"ಇಷ್ಟು ಮಂದಿ ಮನಿ ಗ್ವಾಡಿಗೆ ನನ್ನ ತೂಗಹಾಕೋರಿದ್ರಿ?"

"ಒಂದ ಮನಿ ಸಾಕ್ರಿ. ನಮ್ಮದು."

ಅವಳು ತಲೆ ಎತ್ತಲಿಲ್ಲ. ಒಂದು ಚಮಕಿ ತೆಗೆದು ಆ ಮಚ್ಚೆಯ ಮೇಲೆ ಅಂಟಿಸಿದಳು. ಬೆರಳು ಅಲ್ಲಿಯೇ ಸ್ವಲ್ಪ ಹೊತ್ತು ಉಳಿಯಿತು.

"ಅಪ್ಪಾ, ವಾಪಸ್ ಬ್ಯಾಡ," ಎಂದು ಕೂಗಿದಳು. "ಮಚ್ಚಿಗೆ ಚಮಕಿ ಹಚ್ಚತೀನಿ."

ಮುದುಕ ಬಂದು ಪಟ ನೋಡಿದ, ಮಗಳ ಕೆನ್ನೆ ನೋಡಿದ, ಫಕೀರಪ್ಪನನ್ನು ಬಹಳ ಹೊತ್ತು ನೋಡಿದ.

"ಹಚ್ಚು. ಒಂದಕ್ಕ ಮಾತ್ರ ಹಚ್ಚಬ್ಯಾಡ. ಮುಂದ ನನಗ ಬೇಕಾಗತದ."

ಆ ಒಂದು ಪಟಕ್ಕೆ ಅವನೇ ಕಟ್ಟು ಹಾಕಿ, ಮಗಳು ಕೂರುತ್ತಿದ್ದ ಜಾಗದ ಮೇಲೆ ತೂಗುಹಾಕಿದ. ಮಾಘದ ಎರಡನೆಯ ಸೋಮವಾರ ಚನ್ನಬಸವ್ವ ಫಕೀರಪ್ಪನ ಹಿಂದೆ ಹೊರಟಳು, ಮೂರು ಓಣಿ ಆಚೆಗೆ.