ಒಳಗೆ ಸರಿದ ಆರು ಗಡಿಕಲ್ಲು

1938ರ ಜನವರಿ 11, ಮಂಗಳವಾರ. ಬೆಳಿಗ್ಗೆ ಎಂಟೂವರೆಗೆ ಅರಣ್ಯ ಗಾರ್ಡ್ ಪರಸಪ್ಪ ಗೋಕಾಕ ಠಾಣೆಗೆ ಬಂದು, ಕರಿಮಡ್ಡಿ ಕಾಯ್ದಿಟ್ಟ ಅರಣ್ಯದ ಆರು ಗಡಿಕಲ್ಲುಗಳನ್ನು ಯಾರೋ ಕಿತ್ತು ಒಳಗೆ ಸರಿಸಿ ನೆಟ್ಟಿದ್ದಾರೆ ಎಂದು ದೂರು ಕೊಟ್ಟ. ಬರುವ ಶನಿವಾರ ಮೇಲಧಿಕಾರಿ ವಾರ್ಷಿಕ ತಪಾಸಣೆಗೆ ಬರುವವರಿದ್ದರು. ಎಲ್ಲೆಯೊಳಗೆ ಎಷ್ಟು ಸಸಿ ಬದುಕಿವೆ, ಬೆಂಕಿ ಬಿದ್ದಿದೆಯೇ, ದನ ನುಗ್ಗಿವೆಯೇ ಎಂದು ನೋಡಿ ಬರೆಯುವುದು ಅವರ ಕೆಲಸ.

"ಕಲ್ಲ ಸರದಾವಂತ ಹೆಂಗ ಹೇಳ್ತಿ?" ಫೌಜದಾರ ಗುರುಲಿಂಗಪ್ಪ ಕೇಳಿದರು.

"ಹಳ್ಳದ ದಂಡಿಯಿಂದ ಹದಿನಾಲ್ಕನೇ ಕಲ್ಲಿಗೆ ಇನ್ನೂರಾ ಹತ್ತ ಹೆಜ್ಜಿ ಇತ್ರಿ. ಈಗ ಇನ್ನೂರಾ ಐವತ್ತ ಆಗೇತಿ. ನನ್ನ ಹೆಜ್ಜಿ ತಪ್ಪಂಗಿಲ್ರಿ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಹನ್ನೆರಡಕ್ಕೆ ಫೌಜದಾರರು ಪೇದೆ ಯಲ್ಲಪ್ಪನೊಂದಿಗೆ ಸ್ಥಳಕ್ಕೆ ಹೋದರು. ಪರಸಪ್ಪ ಹಳ್ಳದ ದಂಡೆಯಿಂದ ತಲೆ ಎತ್ತಿಕೊಂಡೇ ನಡೆದು, ಇನ್ನೂರಾ ಹತ್ತನೆಯ ಹೆಜ್ಜೆಗೆ ನಿಂತ. ಅಲ್ಲಿ ಅಗೆದಾಗ ಸಡಿಲ ಮಣ್ಣು ಸಿಕ್ಕಿತು, ಅದರ ಕೆಳಗೆ ಕಲ್ಲಿನ ಬುಡದ ಅಚ್ಚು ಹಾಗೆಯೇ ಉಳಿದಿತ್ತು. ಆದರೆ ಅಗೆದ ಯಲ್ಲಪ್ಪನ ಕೈ ಮಸಿ ಹತ್ತಿ ಕಪ್ಪಾಗಿತ್ತು. ಹಳೆಯ ಗಡಿಗೂ ಹೊಸ ಗಡಿಗೂ ನಡುವಿನ ನೆಲದಲ್ಲಿ ಎಲ್ಲಿ ಕೆದಕಿದರೂ ಇದ್ದಿಲು, ಸುಟ್ಟ ಬೇರು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಆಯಿತು.

ಊರವರ ಸಂಶಯವೆಲ್ಲ ಪಕ್ಕದ ಜೋಳದ ಹೊಲದ ದುಂಡಪ್ಪನ ಮೇಲಿತ್ತು. ಕಾಡು ಹಿಂದೆ ಸರಿದರೆ ಅವನ ಹೊಲ ಬೆಳೆಯುತ್ತದೆ ಎಂಬುದು ಅವರ ಲೆಕ್ಕ. ದುಂಡಪ್ಪ ಅಂಜಲಿಲ್ಲ.

"ಆ ಸುಟ್ಟ ನೆಲಾ ತಗೊಂಡ ನಾ ಏನ ಮಾಡ್ಲಿರಿ? ಹ್ವಾದ ಬ್ಯಾಸಗ್ಯಾಗ ಅದಕ್ಕ ಬೆಂಕಿ ಹತ್ತಿದಾಗ ಆರಸಾಕ ಓಡಿದವ್ರ ನಾವು."

ಬೆಂಕಿ ಹೋದ ಬೇಸಿಗೆಯದೇ ಎಂಬ ಸುದ್ದಿ ಪರಸಪ್ಪನಿಗೆ ಹೊಸದು. ಅವನು ಹುಕ್ಕೇರಿಯಿಂದ ಇಲ್ಲಿಗೆ ಬಂದದ್ದೇ ದೀಪಾವಳಿಯ ನಂತರ. ಫೌಜದಾರರು ಕಾಡಿನ ದಫ್ತರು ತರಿಸಿ ನೋಡಿದರು. ಆ ಬೇಸಿಗೆಯ ಪುಟದಲ್ಲಿ ದುಂಡನೆಯ ಅಕ್ಷರದಲ್ಲಿ "ಬೆಂಕಿ ಇಲ್ಲ" ಎಂದಿತ್ತು. ಕೆಳಗೆ ಪರಸಪ್ಪನ ಮೇಲಿನ ಫಾರೆಸ್ಟರ್ ಜಿನಪ್ಪನ ಸಹಿ.

12ರಂದು ಕೂಲಿಯ ಲಗಮವ್ವ ಹೇಳಿಕೆ ಕೊಟ್ಟಳು. ಎಳ್ಳಮಾವಾಸ್ಯೆಗೆ ಮುಂಚೆ ಜಿನಪ್ಪ ಅವಳನ್ನೂ ಇನ್ನು ನಾಲ್ಕು ಹೆಂಗಸರನ್ನೂ ಕರೆದೊಯ್ದು, ಹೊಸ ಸಸಿ ನೆಡಬೇಕೆಂದು ಹೇಳಿ ಸುಟ್ಟ ಮೋಟುಗಳನ್ನೆಲ್ಲ ಕೀಳಿಸಿದ್ದ. ಆಮೇಲೆ ಸಸಿ ಬರಲೇ ಇಲ್ಲ. ಪರಸಪ್ಪನಿಗೂ ಒಂದು ಮಾತು ನೆನಪಾಯಿತು. 6ನೆಯ ತಾರೀಖು ಜಿನಪ್ಪ ಅವನ ಕೈಯಲ್ಲಿ ಒಂದು ಕಾಗದ ಕೊಟ್ಟು ಎರಡು ದಿನ ಹುಕ್ಕೇರಿಗೆ ಕಳಿಸಿದ್ದ. ಅಂಥ ಜರೂರಿನ ಕಾಗದವೇನೂ ಅದಾಗಿರಲಿಲ್ಲ.

13ರ ಸಂಜೆ ನಾಲ್ಕಕ್ಕೆ ಫೌಜದಾರರು ಪರಸಪ್ಪನನ್ನೂ ಕರೆದುಕೊಂಡು ಜಿನಪ್ಪನ ಮನೆಗೆ ಹೋದರು. ಐವತ್ತು ದಾಟಿದ ಮನುಷ್ಯ, ಒಗೆದ ಖಾಕಿ ಅಂಗಿ ತೊಟ್ಟಿದ್ದ.

"ಕಲ್ಲ ಯಾರ ಸರಿಸಿದ್ರು?"

"ನಾನ ರಿ. ಕಲ್ಲ ಹೇರಿ ಗಾಡಿ ನಾನ ಹೊಡದೆ."

"ಯಾಕ?"

ಜಿನಪ್ಪ ನಿಧಾನವಾಗಿ ಹೇಳಿದ. ಬೋಳು ಮಡ್ಡಿಯಾಗಿದ್ದ ಆ ಗುಡ್ಡದಲ್ಲಿ ಮೊದಲ ಸಸಿ ನೆಟ್ಟವನು ಅವನೇ. ಎಂಟು ವರ್ಷ ಒಂದು ಕಿಡಿಯೂ ಬಿದ್ದಿರಲಿಲ್ಲ. ಮಗಳ ಮದುವೆಗೆಂದು ಮೂರು ದಿನ ಊರಿಗೆ ಹೋದಾಗಲೇ ಅಂಚಿನ ಆ ಪಟ್ಟಿ ಸುಟ್ಟಿತ್ತು.

"ಒಂಬತ್ತನೇ ವರ್ಷಾನೂ ಬೆಂಕಿ ಇಲ್ಲಂತ ಬರದಬಿಟ್ಟೆ. ಈಗ ಸಾಹೇಬ್ರು ಬಂದು ಆ ಬೋಳ ಜಾಗಾ ನೋಡ್ತಾರಂದ್ರ, ನನಗ ತಡ್ಕೊಳ್ಳಾಕ ಆಗಲಿಲ್ಲರಿ, ಅದನ್ನ ಗಡಿ ಹೊರಗ ಹಾಕಿದೆ. ಖರೆ ಬರೀಬೇಕಿತ್ತು."

1927ರ ಅರಣ್ಯ ಕಾಯ್ದೆಯ 63ನೆಯ ಕಲಮಿನಡಿ ಅವನನ್ನು ಬಂಧಿಸಲಾಯಿತು. ಹೊರಡುವಾಗ ಅವನು ಪರಸಪ್ಪನ ಮುಂದೆ ನಿಂತ. "ಚಲೋ ಮಾಡಿದಿ," ಎಂದ. "ಇನ್ನ ಮ್ಯಾಲೆ ಅಡವಿ ನಿಂದು."

15ರಂದು ತಪಾಸಣೆ ನಡೆಯಿತು. ಕಲ್ಲುಗಳು ಅಷ್ಟರಲ್ಲಿ ಹಳೆಯ ಕುಣಿಗಳಿಗೆ ಮರಳಿದ್ದವು. ಅಧಿಕಾರಿ ಸುಟ್ಟ ಪಟ್ಟಿಯನ್ನೂ ಬರೆದುಕೊಂಡರು, ಉಳಿದ ಕಾಡನ್ನೂ ಇಡೀ ದಿನ ಸುತ್ತಿದರು. ನೂರಕ್ಕೆ ಎಂಬತ್ತಾರು ಸಸಿ ಬದುಕಿವೆ, ಈ ಭಾಗದಲ್ಲಿ ಇಂಥ ನೆಡುತೋಪು ಬೇರೆ ಇಲ್ಲ, ಇದನ್ನು ಬೆಳೆಸಿದವರು ಫಾರೆಸ್ಟರ್ ಜಿನಪ್ಪ, ಇದರ ಎಲ್ಲೆ ಉಳಿಸಿದವರು ಗಾರ್ಡ್ ಪರಸಪ್ಪ ಎಂದು ಅವರ ಟಿಪ್ಪಣಿಯಲ್ಲಿತ್ತು.

ಗುರುಲಿಂಗಪ್ಪ ಅದರ ನಕಲನ್ನು ಲಾಕಪ್ಪಿನ ಮುಂದೆ ನಿಂತು ಓದಿದರು. ಜಿನಪ್ಪ ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡು ಪೂರ್ತಿ ಕೇಳಿದ. ಸುಟ್ಟ ಪಟ್ಟಿಗೆ ಏನು ಬರೆದಿದ್ದಾರೆ ಎಂದು ಕೇಳಿದ. ಮುಂದಿನ ಮಳೆಗಾಲಕ್ಕೆ ಹೊಸ ಸಸಿ ಎಂದು ಫೌಜದಾರರು ಹೇಳಿದರು.

"ಅಲ್ಲಿ ಬೇವು ಹಚ್ಚಂತ ಪರಸಪ್ಪಗ ಹೇಳ್ರಿ," ಎಂದ ಜಿನಪ್ಪ. "ಆ ಮಣ್ಣಿಗೆ ಅದ ಹತ್ತತೈತಿ."