ಎರಡು ಸಲ ಜಗ್ಗಿದ ಹಗ್ಗ

ದೆವ್ವ ಅಂದರೆ ನಗುವವನು ನಾನು. ಆದರೆ ಬಳಗಾನೂರಿನ ಅಕ್ಕಿ ಗಿರಣಿಯಲ್ಲಿ ಹಾಡಹಗಲೇ ಕಂಡದ್ದಕ್ಕೆ ಇನ್ನೂ ನಗು ಬಂದಿಲ್ಲ.

ಮರದ ಟೊಂಗೆ ಕಡಿದು ಹಗ್ಗದಲ್ಲಿ ಇಳಿಸುವುದು ನಮ್ಮ ಕೆಲಸ. ಮೇಲಿದ್ದವನು ಟೊಂಗೆಗೆ ಹಗ್ಗ ಕಟ್ಟಿ ಕಡಿಯುತ್ತಾನೆ. ಕೆಳಗಿದ್ದವನು ಹಗ್ಗವನ್ನು ಬೊಡ್ಡೆಗೆ ಸುತ್ತಿ ಮೆಲ್ಲಗೆ ಬಿಡುತ್ತಾನೆ. ಮೇಲಿಂದ ಎರಡು ಸಲ ಜಗ್ಗಿದರೆ ‘ಬಿಡಬೇಡ’ ಎಂದರ್ಥ. ಹೋದ ವರ್ಷ ಬಾಲಪ್ಪ ಹಾಗೆ ಜಗ್ಗಿದ್ದ. ಕೆಳಗಿದ್ದ ದುರುಗೇಶ ಫೋನಿನಲ್ಲಿ ಮಾತಾಡುತ್ತಾ ಬಿಟ್ಟುಬಿಟ್ಟ. ಟೊಂಗೆ ಹಗ್ಗಕ್ಕೆ ಸಿಕ್ಕಿಕೊಂಡಿದ್ದ ಬಾಲಪ್ಪನನ್ನೂ ಎಳೆದುಕೊಂಡು ಬಿತ್ತು. ಹೆಣದ ಜೊತೆ ಹಗ್ಗವನ್ನೂ ಹೂಳಿರೆಂದು ಅವನ ಹೆಂಡತಿ ಶೇಖಮ್ಮ ಅಂಗಲಾಚಿದಳು.

“ಗಟ್ಟಿ ಹಗ್ಗ ಐತಿ, ಮಣ್ಣಾಗ ಯಾಕ ಹಾಕಬೇಕು ಯಕ್ಕಾ?” ಎಂದು ದುರುಗೇಶ ಇಟ್ಟುಕೊಂಡ.

ಗಿರಣಿಯ ತಗಡಿನ ಮೇಲೆ ಬಾಗಿದ್ದ ಬೇವಿನ ಟೊಂಗೆಗೆ ಕಟ್ಟಿದ್ದೂ ಅದೇ ಹಗ್ಗ. ನಾನು ಮೇಲೆ ಹತ್ತಿ ಕಡಿದೆ, ಕೆಳಗೆ ದುರುಗೇಶ ಹಗ್ಗ ಹಿಡಿದಿದ್ದ. ಟೊಂಗೆ ನೇತಾಡಿತು, ಇಳಿಯಲಿಲ್ಲ.

“ಯಣ್ಣಾ, ಯಾಕ ಜಗ್ಗಾಕತ್ತಿ?” ದುರುಗೇಶ ಕೂಗಿದ.

“ನಾ ಹಗ್ಗ ಮುಟ್ಟೇ ಇಲ್ಲಲೇ!”

“ಎರಡೆರಡು ಸಲ ಜಗ್ಗಾಕತ್ತೈತಿ. ಹಗ್ಗ ಮನಷ್ಯಾನ ಮೈಯಂಗ ಬೆಚ್ಚಗೈತಿ.”

ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆದರೂ ದುರುಗೇಶ ಸರಿದತ್ತಲೇ ಟೊಂಗೆಯೂ ಸರಿದು ಅವನ ನೆತ್ತಿಯ ಮೇಲೆ ನಿಲ್ಲುತ್ತಿತ್ತು.

“ಹಗ್ಗ ಬೊಡ್ಡಿಗೆ ಕಟ್ಟಿ ಓಡಲೇ!”

“ಕೈ ಬಿಚ್ಚವಲ್ದು ಯಣ್ಣಾ!”

ನಾನೇ ಇಳಿದು ಹಗ್ಗವನ್ನು ಬೊಡ್ಡೆಗೆ ಬಿಗಿದು, ಅವನ ಮುಷ್ಟಿಯ ಬುಡದಲ್ಲಿ ಕತ್ತರಿಸಿದೆ. ಕೈಯಲ್ಲಿ ಉಳಿದ ತುಂಡನ್ನು ಸಿಂಧನೂರಿನ ಆಸ್ಪತ್ರೆಯಲ್ಲಿ, ಮುಷ್ಟಿ ಬಿಚ್ಚಲಾಗದೆ, ಎಳೆದು ತೆಗೆದರು. ಹಗ್ಗವನ್ನೆಲ್ಲ ಒಯ್ದು ಶೇಖಮ್ಮನ ಎದುರು ಸುಟ್ಟೆ.

“ಹಗ್ಗ ಸುಟ್ಟೀರಿ,” ಅಂದಳು ಆಕೆ, “ಮ್ಯಾಲಿನ ತುದಿ ಹಿಡದಾವನ್ನ ಹೆಂಗ ಸುಡ್ತೀರಿ?”

ದುರುಗೇಶನ ಮುಷ್ಟಿ ಇನ್ನೂ ಬಿಚ್ಚಿಲ್ಲ. ಊಟಕ್ಕೆ ಕುಳಿತಾಗಲೂ ಅವನ ಬರಿಗೈಯನ್ನು ಯಾರೋ ಮೇಲಿಂದ ಎರಡು ಸಲ ಜಗ್ಗುತ್ತಾರೆ.