ಸಸಿ ನೆಡುವ ಗುಂಡಿ

ಆ ಐಷಾರಾಮಿ ರೆಸಾರ್ಟಿನಲ್ಲಿ ನನ್ನದು ಮಾಲಿ ಕೆಲಸ. ಅತಿಥಿಗಳು ಕಾಡು ಬೆಳೆಸಲೆಂದು ದುಡ್ಡು ಕೊಟ್ಟು, ಬಿಳಿ ಕೈಗವಸು ತೊಟ್ಟು, ಸಸಿ ನೆಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಅವರು ಊಟಕ್ಕೆ ಹೋದೊಡನೆ ನಾನು ಅದನ್ನು ಕಿತ್ತು ಕುಂಡಕ್ಕೆ ಸೇರಿಸಬೇಕು. ಮರುದಿನ ಅದೇ ಗುಂಡಿ, ಅದೇ ಸಸಿ, ಹೊಸ ಅತಿಥಿ. ನೆನೆದರೇ ಹೇಸಿಗೆ.

ಈ ಬೇಸಿಗೆಯಲ್ಲಿ ಗುಂಡಿ ಬೆಚ್ಚಗಾಗತೊಡಗಿತು. ನೆರಳಿನಲ್ಲಿದ್ದರೂ ಜ್ವರ ಬಂದ ಮಗುವಿನ ಕಂಕುಳಿನಷ್ಟು ಬಿಸಿ. ಹಲ್ಲುಜ್ಜದ ಬಾಯಿಯ ವಾಸನೆ ಬೇರೆ. ಕಿತ್ತ ಬೇರಿನಿಂದ ಜೊಲ್ಲು ಎಳೆಯೆಳೆಯಾಗಿ ಇಳಿಯುತ್ತಿತ್ತು.

ಮ್ಯಾನೇಜರಿಗೆ ಹೇಳಿದೆ.

"ಗೊಬ್ಬರ ಕೊಳೆತಿರ್ಬೇಕು ಕಣಯ್ಯ. ಒಂಚೂರು ಸೆಂಟ್ ಹೊಡಿ," ಅಂದರು.

ಹೊಡೆದೆ. ಮರುದಿನ ಸಸಿ ಕೀಳುತ್ತಲೇ ಒಳಗಿಂದ ಒಂದು ತೇಗು ಬಂತು, ಅದೇ ಸೆಂಟಿನ ಘಮದೊಂದಿಗೆ.

ನಿನ್ನೆ ಆ ಗುಂಡಿಗೆ ಕಾಂಕ್ರೀಟ್ ಸುರಿದು, ಹತ್ತು ಮಾರು ಆಚೆ ಬೇರೆ ಗುಂಡಿ ತೋಡಿದೆ. ಇವತ್ತು ಬೆಳಿಗ್ಗೆ ವಯಸ್ಸಾದ ಅತಿಥಿಯೊಬ್ಬರು ಅಲ್ಲಿ ಸಸಿ ನೆಟ್ಟು, ಕೈಗವಸು ಬಿಚ್ಚಿ ಕೊಡುತ್ತ ನಕ್ಕರು.

"ಮಣ್ಣು ಒತ್ತುವಾಗ ಕರು ಅಂಗೈ ನೆಕ್ಕಿದ ಹಾಗಾಯ್ತು. ಇನ್ನೊಂದು ಸಸಿ ಇದ್ರೆ ಕೊಡಪ್ಪ."

ಕೈಗವಸಿನ ಅಂಗೈ ತೊಯ್ದಿತ್ತು. ಆ ಅಂಟು ಜೊಲ್ಲಿನಲ್ಲಿ ಕಾಂಕ್ರೀಟಿನ ಚೂರುಗಳಿದ್ದವು, ಚೆನ್ನಾಗಿ ಅಗಿದಂಥವು.